ದಾಕಿನ ಬಿಲ್ಲೆ

ಮೈದಾ ಹಿಟ್ಟಿನ ಅಂಟು ಒಲೆಯ ಮೇಲೆ ಗಟ್ಟಿಯಾಗುವಾಗ ಒಂದು ವಾಸನೆ ಬರುತ್ತದೆ. ಹೋದ ವರ್ಷ ತೀರ್ಥಹಳ್ಳಿಯ ತಮ್ಮನ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿದ್ದೆ. ಆ ವಾಸನೆಗೆ ಎಚ್ಚರವಾಯಿತು. ಎದ್ದು ಅಡುಗೆಮನೆಗೆ ಹೋಗಿ ನೋಡಿದರೆ ತಮ್ಮನ ಮೊಮ್ಮಗಳು ಬಟ್ಟೆ ಚೂರು, ರಟ್ಟು, ಮಣಿ, ಜರಿ ಎಲ್ಲ ನೆಲದ ತುಂಬ ಹರಡಿಕೊಂಡು ಕೂತಿದ್ದಳು. ಕಾಲೇಜಿನ ಯಾವುದೋ ಸಮಾರಂಭಕ್ಕೆ ಬಟ್ಟೆಯ ಬ್ಯಾಡ್ಜು ಮಾಡಬೇಕಂತೆ. ದುಂಡಗೆ ಕತ್ತರಿಸಿದ ಬಟ್ಟೆಯ ಅಂಚಿಗೆ ದಾರ ಓಡಿಸಿ ಎಳೆಯುತ್ತಿದ್ದಳು, ದಾರ ಪಟ್ಟೆಂದು ತುಂಡಾಗುತ್ತಿತ್ತು.

"ಒಂದೆಳೆ ಸಾಲ್ದು, ಎರಡೆಳೆ ಹಾಕು. ಹೊಲಿಗೆ ಅಂಚಿಗೆ ಅಷ್ಟು ಹತ್ರ ಬೇಡ" ಎಂದೆ.

"ಅಜ್ಜೀ, ನಿಮ್ಗೆ ಇದೆಲ್ಲ ಹೆಂಗೆ ಗೊತ್ತು?"

"ಒಂದು ಕಾಲ್ದಲ್ಲಿ ಮುನ್ನೂರು ಮಾಡಿದ್ದೆ."

ಯಾಕೆ ಎಂದು ಕೇಳಿದಳು. ಏನೋ ಹೇಳಿ ತೇಲಿಸಿದೆ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸುಲಭ ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೊಂದು ವರ್ಷ. ನರ್ಸ್ ತರಬೇತಿ ಮುಗಿಸಿದ ನನ್ನನ್ನು ಹೊಸನಗರ ತಾಲ್ಲೂಕಿನಲ್ಲಿ ದಾಕು ಹಾಕುವ ಕೆಲಸಕ್ಕೆ ಕಳಿಸಿದರು. ಸಿಡುಬು ಬಾರದಿರಲೆಂದು ತೋಳಿಗೆ ಹಾಕುತ್ತಿದ್ದ ಮದ್ದಿಗೆ ಜನ ದಾಕು ಎನ್ನುತ್ತಿದ್ದರು. ಹೆಂಗಸರು ಗಂಡಸರ ಮುಂದೆ ರವಿಕೆಯ ತೋಳು ಮೇಲೆತ್ತುವುದಿಲ್ಲ ಎಂಬ ಕಾರಣಕ್ಕೆ ನನ್ನಂಥವಳೊಬ್ಬಳು ಇಲಾಖೆಗೆ ಬೇಕಾಗಿತ್ತು. ಡಿಸೆಂಬರ್‌ನಿಂದ ಮಳೆ ಹಿಡಿಯುವ ತನಕ ನಮ್ಮ ಓಡಾಟ. ಕೈಯಲ್ಲಿ ಮದ್ದಿನ ಪೆಟ್ಟಿಗೆ, ಸ್ಪಿರಿಟ್ ದೀಪ, ಹಲ್ಲುಹಲ್ಲಾದ ಸಣ್ಣ ಚಕ್ರವಿರುವ ಒಂದು ಕಡ್ಡಿ. ತೋಳಿನ ಮೇಲೆ ಒಂದು ಹನಿ ಮದ್ದು ಬಿಟ್ಟು, ಆ ಕಡ್ಡಿ ಒತ್ತಿ ತಿರುಗಿಸಬೇಕು. ಚರ್ಮ ಗೀರಿ ಉರಿಯುತ್ತದೆ. ನಾಲ್ಕೈದು ದಿನಕ್ಕೆ ಅಲ್ಲಿ ಗುಳ್ಳೆ ಎದ್ದು ತೋಳು ಬಾತು ಜ್ವರ ಬರುತ್ತದೆ. ಆಮೇಲೆ ಹಕ್ಕಳೆ ಉದುರಿ, ಸಾಯುವವರೆಗೂ ಹೋಗದ ಒಂದು ಕಲೆ ಉಳಿಯುತ್ತದೆ.

ನಾನು ಬಾಡಿಗೆಗಿದ್ದದ್ದು ರಿಪ್ಪನ್‌ಪೇಟೆಯಲ್ಲಿ, ಗಿರಿಜಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಮಿಷನ್ನಿನ ಮುಂದೆ ತಾನೇ ಕೂತು ಪೇಟೆಯ ಹೆಂಗಸರ ರವಿಕೆ ಹೊಲಿದು ಬದುಕಿದವಳು ಅವಳು. ಅವಳ ರವಿಕೆಗೆ ಹೆಸರು ಬಂದದ್ದು ಗುಂಡಿಯಿಂದ. ಹುಣಿಸೆ ಬೀಜದ ಮೇಲೆ ರವಿಕೆಯದೇ ಬಟ್ಟೆ ಎಳೆದು ಹಿಂದಿನಿಂದ ಬಿಗಿದು, ಮೇಲೊಂದು ಸಣ್ಣ ಹೂವು ಕಸೂತಿ ಹಾಕುತ್ತಿದ್ದಳು. ನನಗೂ ಅಂಥ ಗುಂಡಿಯ ಒಂದು ರವಿಕೆ ಹೊಲಿದುಕೊಟ್ಟಿದ್ದಳು. ಅದು ಬಿಳಿಯದು, ಗುಂಡಿಯ ಮೇಲೆ ಕೆಂಪು ಹೂವು.

ಆ ರವಿಕೆ ತೊಟ್ಟು ಜನವರಿಯ ಒಂದು ಬೆಳಿಗ್ಗೆ ನಾನು ಹೋದದ್ದು ಒಂದು ಹೊಸ ಕೇರಿಗೆ. ಊರಿನ ಹೆಸರು ಬೇಡ. ಶರಾವತಿಯ ನೀರು ಏರಿ ಊರು ಮುಳುಗಿದ ಮೇಲೆ ಹದಿನೆಂಟು ಮನೆಯವರು ಅಲ್ಲಿ ಬಂದು ಸೋಗೆಯ ಗುಡಿಸಲು ಹಾಕಿಕೊಂಡಿದ್ದರು. ಇನ್ನೂ ಬಾವಿ ಪೂರ್ತಿಯಾಗಿರಲಿಲ್ಲ, ಶಾಲೆ ಇರಲಿಲ್ಲ. ಸರ್ಕಾರದವರು ಎಂದರೆ ಆ ಜನಕ್ಕೆ ಮೈಯೆಲ್ಲ ಉರಿ. ನನ್ನ ಪೆಟ್ಟಿಗೆ ಕಂಡದ್ದೇ ತಡ, ಮಕ್ಕಳೆಲ್ಲ ದಿಕ್ಕಾಪಾಲು. ಇಬ್ಬರು ಹಲಸಿನ ಮರ ಹತ್ತಿದರು, ಒಬ್ಬಳು ಭತ್ತ ತುಂಬಿಡುವ ಪಣತದೊಳಗೆ ಇಳಿದು ಕೂತಳು.

ಓಡದೆ ನಿಂತವಳು ಒಬ್ಬಳೇ, ಹತ್ತು ವರ್ಷದ ನಾಗಿ. ಅವಳ ಕಣ್ಣು ನನ್ನ ಪೆಟ್ಟಿಗೆಯ ಮೇಲಿರಲಿಲ್ಲ, ರವಿಕೆಯ ಗುಂಡಿಯ ಮೇಲಿತ್ತು.

"ಅದು ಎಂತದು? ಹೂವಾ?"

"ಗುಂಡಿ. ಬೇಕಾ?"

ತಲೆಯಾಡಿಸಿದಳು. "ದಾಕು ಹಾಕಿಸ್ಕೊಂಡ್ರೆ ಕೊಡ್ತೀನಿ" ಎಂದೆ. ಸುಮ್ಮನೆ ತೋಳು ಚಾಚಿದಳು. ಚಕ್ರ ತಿರುಗಿಸುವಾಗ ಹಲ್ಲು ಕಚ್ಚಿಕೊಂಡಳೇ ಹೊರತು ಅಳಲಿಲ್ಲ. ನಾನು ಮೇಲಿನ ಗುಂಡಿ ಕಿತ್ತು ಅವಳ ಕೈಗಿಟ್ಟೆ. ಅವಳು ಅದನ್ನು ಹಿಡಿದುಕೊಂಡು ಹಲಸಿನ ಮರದ ಬುಡಕ್ಕೆ ಹೋಗಿ ಮೇಲಿನವರಿಗೆ ತೋರಿಸಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಇಳಿದು ಬಂದು ಗುಂಡಿ ಕೇಳಿದರು. ಇನ್ನೊಂದು ಕಿತ್ತರೆ ರವಿಕೆ ನಿಲ್ಲುತ್ತಿರಲಿಲ್ಲ. ಸೆರಗು ಮುಚ್ಚಿಕೊಂಡು ಪೇಟೆಗೆ ವಾಪಸು ನಡೆದೆ.

ನಡೆದದ್ದನ್ನು ಕೇಳಿ ಗಿರಿಜಕ್ಕ ನಕ್ಕಳು. "ಎಂತ ಹುಡುಗಿ ಮಾರಾಯ್ತಿ ನೀನು, ಮೈಮೇಲಿನ ಗುಂಡಿ ಕಿತ್ತು ಕೊಟ್ಟು ಬರದಾ? ಗುಂಡಿ ಸಾಲ್ದು. ಎದೆ ಮೇಲೆ ಎದ್ದು ಕಾಣ್ಬೇಕು. ಬಿಲ್ಲೆ ಮಾಡಾಣ."

ತಾಲ್ಲೂಕು ಕಚೇರಿಯ ಜವಾನನ ಎದೆಯ ಹಿತ್ತಾಳೆ ಬಿಲ್ಲೆಯನ್ನು ಮಕ್ಕಳೆಲ್ಲ ಬೆರಗಿನಿಂದ ನೋಡುತ್ತಿದ್ದ ಕಾಲ ಅದು. ಗಿರಿಜಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ರಟ್ಟಿನ ಮೇಲೆ ಗೆರೆ ಎಳೆದಳು. ರಟ್ಟು ಬೆವರಿಗೆ ಮೆತ್ತಗಾಗುತ್ತದೆಂದು ಒಣ ಅಡಿಕೆ ಹಾಳೆ ಕತ್ತರಿಸಿ ನೋಡಿದೆವು. ಅದು ಗಟ್ಟಿಯಾಗಿ ನಿಂತಿತು. ಹಾಳೆಯ ಮೇಲೆ ಚೂರು ಹತ್ತಿ, ಅದರ ಮೇಲೆ ದುಂಡು ಬಟ್ಟೆ, ಅಂಚಿಗೆ ಎರಡೆಳೆ ದಾರ ಓಡಿಸಿ ಹಿಂದಿನಿಂದ ಎಳೆದರೆ ಬಟ್ಟೆ ಬಿಗಿಯುತ್ತಿತ್ತು. ಹಿಂಬದಿಗೆ ಮೈದಾ ಅಂಟು ಸವರಿ ಇನ್ನೊಂದು ಬಟ್ಟೆ, ಅದಕ್ಕೆ ಒಂದು ಪಿನ್ನು ಹೊಲಿಯುವುದು. ಮುಂಬದಿಗೆ ಏನು ಸಿಕ್ಕರೆ ಅದು: ಹಳೆಯ ಸೀರೆಯ ಜರಿ, ಹರಿದ ಸರದ ಮಣಿ, ಕಾಗೆ ಬಂಗಾರದ ಚೂರು. ಗಿರಿಜಕ್ಕ ಗುಲಗಂಜಿ ತಂದಾಗ ಮಾತ್ರ ನಾನು ಬೇಡವೆಂದೆ. ಮಕ್ಕಳು ಬಾಯಿಗೆ ಹಾಕಿಕೊಂಡರೆ ವಿಷ. ಆ ಬುದ್ಧಿ ಆಗ ನನಗಿತ್ತು.

ಮೊದಲನೆಯ ಬಿಲ್ಲೆ ನಾಗಿಗೆ. ನೀಲಿ ರೇಷ್ಮೆಯ ಚೂರಿನ ನಡುವೆ ಹಸಿರಾಗಿ ಹೊಳೆಯುವ ಒಂದು ಜೀರುಂಡೆ ರೆಕ್ಕೆ ಹೊಲಿದಿದ್ದೆವು. ರೆಕ್ಕೆ ಗುಂಡಿಗೆ ಬದಲಾಗಿ ಅವಳೇ ಬೆಂಕಿಪೊಟ್ಟಣದಲ್ಲಿಟ್ಟು ಕೊಟ್ಟದ್ದು. ಒಂದು ವಾರದಲ್ಲೇ ಬಿಲ್ಲೆ ತುಂಬಿಕೊಂಡು ಮತ್ತೆ ಹೋಗಿ ಕೇರಿಯ ಹೆಚ್ಚಿನ ಮಕ್ಕಳಿಗೆ ದಾಕು ಹಾಕಿ ಬಂದೆ.

ಒಂದು ತಿಂಗಳಲ್ಲಿ ಸುತ್ತಿನ ಹಳ್ಳಿಗಳಲ್ಲಿ ಸುದ್ದಿ ಹಬ್ಬಿತು. ಗೇಣುದ್ದದ ಮಕ್ಕಳು ತೋಳು ಬಾತಿದ್ದರೂ ಎದೆಯುಬ್ಬಿಸಿ ಬಿಲ್ಲೆ ತೋರಿಸಿಕೊಂಡು ತಿರುಗುತ್ತಿದ್ದರು. ನನಗೆ ದಾಕಿನಮ್ಮ ಎಂದು ಹೆಸರು ಬಿತ್ತು. ಸಂಜೆ ಹೊತ್ತು ಗಿರಿಜಕ್ಕನ ಜಗುಲಿಯಲ್ಲಿ ಕೂತು ಬಿಲ್ಲೆ ಹೊಲಿಯುವುದು, ಬೆಳಿಗ್ಗೆ ಎದ್ದು ಹಂಚುವುದು. ನಮ್ಮ ಮೇಲಿನ ಇನ್ಸ್‌ಪೆಕ್ಟರು ನಂಜುಂಡಯ್ಯನವರು ನನ್ನ ಪಟ್ಟಿ ನೋಡಿ, "ಇಪ್ಪತ್ತು ವರ್ಷದ ಸರ್ವೀಸ್ನಲ್ಲಿ ಇಷ್ಟು ಹೆಸ್ರು ಒಂದು ಸೀಸನ್ನಿಗೆ ನಾನು ಕಂಡಿಲ್ಲ ಕಣಮ್ಮ" ಎಂದರು. ಹೊಗಳಿಕೆ ಕೇಳಿ ನಡಿಗೆಯೇ ಬದಲಾಯಿತು. ಮನೆಯಿಂದ ಮನೆಗೆ ಓಡುತ್ತಿದ್ದೆ. ಮಕ್ಕಳ ಗುಂಪು ಎದುರಾದರೆ ಬಿಲ್ಲೆ ಇದ್ದವರು ಆಚೆ, ಇಲ್ಲದವರು ಈಚೆ ಎಂದು ಕೂಗಿ ಕೆಲಸ ಮುಗಿಸುತ್ತಿದ್ದೆ.

ಫೆಬ್ರವರಿಯಲ್ಲಿ ಆ ಕೇರಿಗೆ ಮತ್ತೊಮ್ಮೆ ಹೋದೆ. ಹಿಂದೆ ಬಿಟ್ಟುಹೋಗಿದ್ದ ಐದಾರು ಮಕ್ಕಳಿಗೆ ಹಾಕಬೇಕಿತ್ತು. ಅದರಲ್ಲಿ ನಾಗಿಯ ತಂಗಿ ಭಾಗಿಯೂ ಒಬ್ಬಳು. ಆರು ವರ್ಷದವಳು. ಹಿಂದಿನ ಸಲ ಹೊಟ್ಟೆ ಕೆಟ್ಟು ಮಲಗಿದ್ದಳೆಂದು ಬಿಟ್ಟಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು, ಇನ್ನೂ ಎರಡು ಹಳ್ಳಿ ಬಾಕಿ. ಭಾಗಿ ಬಾಗಿಲಲ್ಲಿ ಅಕ್ಕನ ಪಕ್ಕ ನಿಂತಿದ್ದಳು. ಲಂಗದ ಮೇಲಿನ ಹರಕು ಕುಪ್ಪಸಕ್ಕೆ ಬಿಲ್ಲೆ ಚುಚ್ಚಿತ್ತು.

"ನಿಂಗೆ ಆಯ್ತಲ್ಲ?" ಎಂದೆ.

ಹೂಂ ಎಂದಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೀಟು ಹಾಕಿ ಮುಂದೆ ಹೋದೆ. ಆ ಬಿಲ್ಲೆಯ ಮೇಲಿನ ಜೀರುಂಡೆ ರೆಕ್ಕೆ ನನಗೆ ಕಾಣಲಿಲ್ಲವೆಂದರೆ ಸುಳ್ಳಾಗುತ್ತದೆ. ಕಂಡಿತ್ತು. ಯಾರದ್ದೆಂದು ನೆನಪು ಮಾಡಿಕೊಳ್ಳುವಷ್ಟು ಹೊತ್ತು ನಾನು ನಿಲ್ಲಲಿಲ್ಲ.

ಮಾರ್ಚ್ ಕೊನೆಯ ಹೊತ್ತಿಗೆ ಬಯಲುಸೀಮೆಯ ಕಡೆಯಿಂದ ನೆಂಟನೊಬ್ಬ ಆ ಕೇರಿಗೆ ಬಂದು ಎರಡು ದಿನ ಜ್ವರದಲ್ಲಿ ಮಲಗಿ ಹೋದನಂತೆ. ಅದಾಗಿ ಎರಡು ವಾರಕ್ಕೆ ಕೇರಿಯವಳೊಬ್ಬಳು ಸಂತೆಗೆ ಬಂದವಳು ಗಿರಿಜಕ್ಕನಿಗೆ ಹೇಳಿದಳು: "ಹೂವಮ್ಮನ ಮನೇಲಿ ಅಮ್ಮ ಬಂದಾಳೆ. ಸಣ್ಣ ಹುಡುಗಿಗೆ."

ಅಮ್ಮ ಎಂದರೆ ಸಿಡುಬು. ಹೂವಮ್ಮ ನಾಗಿ, ಭಾಗಿಯರ ತಾಯಿ. ನಾನೂ ನಂಜುಂಡಯ್ಯನವರೂ ಆಗಲೇ ಹೊರಟೆವು. ಹಾದಿಯುದ್ದಕ್ಕೂ ನಾನು, "ಆ ಮನೇಲಿ ಇಬ್ಬರಿಗೂ ಹಾಕಿದೀನಿ ಸಾರ್. ಸೀತಾಳೆ ಸಿಡುಬು ಇರ್ಬೇಕು" ಎನ್ನುತ್ತಲೇ ಇದ್ದೆ.

ಗುಡಿಸಲ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗೆ ಬಾಳೆ ಎಲೆಯ ಮೇಲೆ ಭಾಗಿ. ಮುಖ ಯಾರದೆಂದು ತಿಳಿಯುವಂತಿರಲಿಲ್ಲ. ತಲೆಯ ಹತ್ತಿರ ತಾಯಿ ಹೂವಮ್ಮ ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತಿದ್ದಳು. ಅವಳ ಮುಖದ ಮೇಲೂ ಚಿಕ್ಕಂದಿನ ಸಿಡುಬಿನ ಗುಳಿಗಳಿದ್ದವು. ನಾನು ಭಾಗಿಯ ಎರಡು ತೋಳೂ ಎತ್ತಿ ನೋಡಿದೆ. ಗುಳ್ಳೆಗಳ ನಡುವೆ ದಾಕಿನ ಕಲೆಗಾಗಿ ಹುಡುಕಿದೆ. ಇರಲಿಲ್ಲ.

ಹೂವಮ್ಮ ನನ್ನ ಕಡೆ ನೋಡದೆ ಹೇಳಿದಳು: "ಅಮ್ಮನ ಕಲ್ಲು ಹಳೇ ಊರಲ್ಲೇ ನೀರಿನೊಳಗೆ ಬಿಟ್ಟು ಬಂದ್ವಿ. ಎತ್ಕೊಂಡು ಬರಾಣ ಅಂತ ನಾನು ಬಡ್ಕೊಂಡೆ, ಗಾಡಿಲಿ ಜಾಗ ಇಲ್ಲ ಅಂದ್ರು ನಮ್ಮನೆಯವ್ರು. ಹುಡ್ಕೊಂಡು ಬಂದ್ಲು ನೋಡಿ." ಗಂಡ ಹೊರಗೆ ಗೋಡೆಗೊರಗಿ ಕೂತಿದ್ದ. ನಾಲ್ಕು ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳಂತೆ.

ಹೊರಗೆ ಬಂದೆ. ಹಿತ್ತಿಲಲ್ಲಿ ಸೌದೆ ರಾಶಿಯ ಹಿಂದೆ ನಾಗಿ ಮುದುಡಿಕೊಂಡು ಕೂತಿದ್ದಳು. ಊಟ ಬಿಟ್ಟು ಎರಡು ದಿನವಾಗಿದೆಯೆಂದು ಪಕ್ಕದ ಮನೆಯವಳು ಹೇಳಿದಳು. ನಾನು ಹತ್ತಿರ ಕೂತೆ. ಅವಳೇ ಬಾಯಿಬಿಟ್ಟಳು.

"ನಾನೇ ಕೊಟ್ಟಿದ್ದು."

"ಎಂತ?"

"ಬಿಲ್ಲೆ. ನಂಗೆ ತೋಳು ಬಾತು ಜ್ವರ ಬಂತಲ್ಲ, ಅವ್ಳಿಗೆ ತಡಿಯಕ್ಕಾಗಲ್ಲ ಅಂತ. ದಾಕಿನಮ್ಮ ಬಂದಾಗ ಹಾಕ್ಕೊಂಡು ನಿಂತ್ಕೊ, ಬಿಟ್ಬಿಡ್ತಾರೆ ಅಂದೆ." ಆಮೇಲೆ ನನ್ನ ಸೆರಗು ಹಿಡಿದುಕೊಂಡಳು. "ಅವ್ವಂಗೆ ಹೇಳ್ಬೇಡಿ. ಅವ್ಳು ಸತ್ರೆ ನಾನೂ ಸಾಯ್ತೀನಿ."

ಅವಳ ಬೆರಳು ಒಂದೊಂದಾಗಿ ಬಿಡಿಸಿ ಎದ್ದೆ.

ನಂಜುಂಡಯ್ಯನವರಿಗೆ ಹಲಸಿನ ಮರದ ಕೆಳಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಮನೆಯಲ್ಲಿ ನನ್ನ ವಯಸ್ಸಿನ ಮಗಳಿದ್ದಳು.

"ನೋಡಮ್ಮ, ಹಾಕಿದೀನಿ ಅಂತ ಬರ್ದು ಹಾಕದೇ ಇದ್ರೆ ಕೆಲಸ ಹೋಗುತ್ತೆ. ಆ ಗೀಟು ಹೊಡೆದುಹಾಕಿ ‘ಮನೆಯವರು ನಿರಾಕರಿಸಿದರು’ ಅಂತ ಬರಿ. ಇಂಥ ಕೇರಿಲಿ ಬೇಡ ಅಂದಿದ್ರೂ ಅಂದಿರ್ತಿದ್ರು. ಯಾರೂ ಕೇಳಲ್ಲ."

"ಅವ್ರು ಬೇಡ ಅನ್ಲಿಲ್ಲ ಸಾರ್."

"ಗೊತ್ತು. ನಿನ್ನ ಒಳ್ಳೇದಕ್ಕೆ ಹೇಳಿದೆ."

ಆ ಮಾತು ಒಪ್ಪಿಕೊಳ್ಳಲು ನನಗೆ ಆಸೆಯಾಯಿತು. ಊರಿನಲ್ಲಿ ನನ್ನ ಸಂಬಳದ ದಾರಿ ಕಾಯುವ ಅಪ್ಪ ಇದ್ದರು. ಪೆನ್ನು ತೆಗೆದು ಪಟ್ಟಿ ತೊಡೆಯ ಮೇಲಿಟ್ಟುಕೊಂಡೆ ಕೂಡ. ಆದರೆ ಒಳಗೆ ಒಬ್ಬಳು ದೇವರು ಮುನಿದಳೆಂದು ಗಂಡನನ್ನು ಶಪಿಸುತ್ತಿದ್ದಳು, ಹಿತ್ತಿಲಲ್ಲಿ ಒಬ್ಬಳು ತಂಗಿಯನ್ನು ಕೊಂದೆನೆಂದು ಉಪವಾಸ ಕೂತಿದ್ದಳು. ನಾನು ಆ ಸಾಲು ಬರೆದರೆ ಅವರಿಬ್ಬರೂ ಬದುಕಿಡೀ ಹಾಗೇ ಇರುತ್ತಾರೆ. ‘ನನ್ನ ಅಜಾಗ್ರತೆಯಿಂದ ಬಿಟ್ಟುಹೋಗಿದೆ’ ಎಂದು ಬರೆದು ಸಹಿ ಹಾಕಿದೆ. ನಂಜುಂಡಯ್ಯನವರು ಪಟ್ಟಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ನಾಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅವಳು ಬರಲಾರೆನೆಂದು ಕಾಲು ಊರಿದಳು, ನಾನು ಬಿಡಲಿಲ್ಲ. ಗಂಡನನ್ನೂ ಬಾಗಿಲಿಗೆ ಕರೆದೆ.

"ಹೂವಮ್ಮ, ನೀರಿನೊಳಗಿನ ಕಲ್ಲಿಂದ ಇದು ಆಗಿದ್ದಲ್ಲ. ಭಾಗಿಗೆ ನಾನು ದಾಕು ಹಾಕ್ಲಿಲ್ಲ. ಅಕ್ಕನ ಬಿಲ್ಲೆ ಹಾಕ್ಕೊಂಡಿದ್ಲು. ನಾನು ಬಿಲ್ಲೆ ನೋಡಿದೆ, ತೋಳು ನೋಡ್ಲಿಲ್ಲ. ತೋಳು ನೋಡೋದು ನನ್ನ ಕೆಲಸ. ನಾಗಿ ಮಾಡಿದ್ದು ತಂಗಿಗೆ ನೋವಾಗ್ಬಾರ್ದು ಅಂತ. ತಪ್ಪು ನಂದು."

ಬೇವಿನ ಟೊಂಗೆ ನಿಂತಿತು. ಹೂವಮ್ಮ ಮೊದಲು ನಾಗಿಯನ್ನು ನೋಡಿದಳು. ಆಮೇಲೆ ನನ್ನನ್ನು.

"ಎಂತಕ್ಕೆ ಹೇಳಿದ್ರಿ? ನೀವು ಹೇಳದೇ ಇದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."

ಅವಳು ಟೊಂಗೆ ಕೆಳಗಿಟ್ಟಳು.

"ದೇವರಾದ್ರೆ ಕೈಮುಗಿದು ಬೇಡ್ಕೊಬಹುದಿತ್ತು" ಎಂದಳು. "ನಿಮ್ಮ ಹತ್ರ ಎಂತ ಬೇಡ್ಕೊಳ್ಳಲಿ? ಹೋಗಿ. ಕಣ್ಮುಂದೆ ನಿಲ್ಬೇಡಿ."

ಹೊರಟೆ. ಬಾಗಿಲು ದಾಟುವಾಗ ಹಿಂದಿನಿಂದ ಅವಳ ದನಿ ಕೇಳಿತು, ನನಗಲ್ಲ, ನಾಗಿಗೆ: "ಬಾ ಇಲ್ಲಿ. ಗಂಜಿ ಇದೆ, ಉಣ್ಣು."

ಆ ಸಂಜೆ ಮನೆಗೆ ಬಂದವಳೇ ಬಿಲ್ಲೆಗಳ ಡಬ್ಬಿ ತೆಗೆದುಕೊಂಡು ಬಚ್ಚಲ ಒಲೆಯ ಕಡೆ ಹೋದೆ. ಗಿರಿಜಕ್ಕ ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡಳು.

"ಬಟ್ಟೆ ಚೂರು ಎಂತ ಮಾಡ್ತು ನಿಂಗೆ? ದಾಕು ಹಾಕಿದ ದಿನವೇ ಕೊಟ್ಟಿದ್ದು ತಪ್ಪು. ಹಕ್ಕಳೆ ಕಟ್ಟಿದ ಮೇಲೆ ಹೋಗು, ತೋಳು ನೋಡು, ಆಮೇಲೆ ನಿನ್ನ ಕೈಯಾರೆ ಚುಚ್ಚು. ಎರಡು ಸಲ ನಡೀಬೇಕು ಅಷ್ಟೆ. ಕಾಲಿಲ್ವಾ ನಿಂಗೆ?"

ನಾನು ಅಲ್ಲೇ ಕೂತು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಒಲೆಗೆ ಸೌದೆ ತುಂಬಿ ಸ್ನಾನಕ್ಕೆ ನೀರು ಕಾಯಿಸಿದಳು.

ಮರುದಿನ ಕೇರಿಗೆ ಹೋಗಲು ನನಗೆ ಧೈರ್ಯವಿರಲಿಲ್ಲ, ಆದರೆ ಹೋಗದೆ ಉಪಾಯವೂ ಇರಲಿಲ್ಲ. ದೊಡ್ಡವರು ಚಿಕ್ಕವರೆನ್ನದೆ ಇಡೀ ಕೇರಿಗೆ ಆ ದಿನವೇ ದಾಕು ಹಾಕಬೇಕಿತ್ತು. ಅಮ್ಮ ಬಂದ ಕೇರಿಯಲ್ಲಿ ಮದ್ದು ಮುಟ್ಟಿದರೆ ಅವಳು ಇನ್ನೂ ಕೆರಳುತ್ತಾಳೆಂದು ಜನ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಹಲಸಿನ ಮರದ ಹತ್ತಿರ ಬಂದು ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಾಲಾಗಿ ನಿಂತಿದ್ದಾರೆ. ಮುಂದೆ ಹೂವಮ್ಮನ ಗಂಡ ನಿಂತು ಒಬ್ಬೊಬ್ಬರ ತೋಳು ಎತ್ತಿ ಹಳೆಯ ಕಲೆ ಇದೆಯೋ ಇಲ್ಲವೋ ನೋಡುತ್ತಿದ್ದ. ಮಗಳ ಹತ್ತಿರದಿಂದ ಬರುವಂತಿಲ್ಲದ ಹೂವಮ್ಮ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು: "ನನ್ನ ಮಗಳನ್ನು ನೋಡಿದ್ರಲ್ಲ? ತೋಳು ಕೊಡಿ! ಯಾರೂ ತಪ್ಪಿಸ್ಕೊಬೇಡಿ! ಆ ನರ್ಸಮ್ಮನ್ನೂ ನಂಬ್ಬೇಡಿ, ಹಾಕಿದ್ರಾ ಇಲ್ವಾ ನೀವೇ ನೋಡ್ಕಳಿ!"

ಆ ಮಾತು ಕೇಳುತ್ತಲೇ ಸಂಜೆಯೊಳಗೆ ಐವತ್ತನಾಲ್ಕು ತೋಳಿಗೆ ದಾಕು ಹಾಕಿದೆ. ಎರಡು ವಾರ ಬಿಟ್ಟು ಹೋಗಿ ಐವತ್ತನಾಲ್ಕೂ ನೋಡಿದೆ. ಮಕ್ಕಳಿಗೆ ಹಕ್ಕಳೆಯ ಪಕ್ಕದಲ್ಲೇ ತೋಳಿನ ಬಟ್ಟೆಗೆ ಬಿಲ್ಲೆ ಚುಚ್ಚಿದೆ. ಕೇರಿಯಲ್ಲಿ ಮತ್ತೆ ಇಬ್ಬರಿಗೆ ಬಂತು, ಸಣ್ಣದಾಗಿ. ಯಾರೂ ಸಾಯಲಿಲ್ಲ.

ಭಾಗಿ ಹದಿನೇಳು ದಿನ ಸಾವಿನ ದವಡೆಯಲ್ಲಿದ್ದು ಈಚೆ ಬಂದಳು. ಬಲಗಣ್ಣಿನ ಮೇಲೆ ಹೂವು ಬಿದ್ದು ಆ ಕಣ್ಣು ಹೋಯಿತು. ಮುಖದ ತುಂಬ ಗುಳಿ. ಅವಳ ಬಟ್ಟೆ, ಚಾಪೆ ಎಲ್ಲ ಸುಟ್ಟೆವು. ಆ ನೀಲಿ ಬಿಲ್ಲೆಯೂ ಅದರಲ್ಲೇ ಹೋಯಿತು.

ನನಗೆ ಮೆಮೊ ಬಂತು. ಕೆಲಸ ಹೋಗಲಿಲ್ಲ, ನಂಜುಂಡಯ್ಯನವರು ಸಾಗರಕ್ಕೆ ಹೋಗಿ ಮೇಲಿನವರ ಕಾಲು ಹಿಡಿದರೆಂದು ಆಮೇಲೆ ತಿಳಿಯಿತು. ತೀರ್ಥಹಳ್ಳಿಗೆ ವರ್ಗವಾಯಿತು. ಮೇ ತಿಂಗಳ ಕೊನೆ. ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಗಿತ್ತು. ಹೋಗುವ ಮುಂಚೆ ಒಂದು ಸಲ ಕೇರಿಗೆ ಹೋಗಿ ಬರೋಣವೆಂದು ಹೊರಟೆ. ಗಿರಿಜಕ್ಕ ಹೇಳದೆ ಕೇಳದೆ ನನ್ನ ಚೀಲಕ್ಕೆ ಒಂದು ಬಿಲ್ಲೆ ಹಾಕಿದ್ದಳು.

ಭಾಗಿ ಅಂಗಳದಲ್ಲಿ ಕೂತು ಹಲಸಿನ ಬೀಜ ಜೋಡಿಸುತ್ತಿದ್ದಳು. ನಾಗಿ ಅವಳಿಂದ ಎರಡು ಮಾರು ದೂರದಲ್ಲಿದ್ದಳು. ತಂಗಿಗೆ ನೀರು ಕೊಡುತ್ತಾಳೆ, ಅನ್ನ ಬಡಿಸುತ್ತಾಳೆ, ಆದರೆ ಮುಟ್ಟುವುದಿಲ್ಲ, ಮುಖ ನೋಡುವುದಿಲ್ಲ ಎಂದು ಅವಳ ಅಪ್ಪ ಮೆಲ್ಲಗೆ ಹೇಳಿದ. ಹೂವಮ್ಮ ನನ್ನನ್ನು ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ.

ಭಾಗಿ ಒಂದೇ ಕಣ್ಣಲ್ಲಿ ನನ್ನನ್ನು ನೋಡಿ ಕೇಳಿದಳು: "ಎಲ್ರಿಗೂ ಬಿಲ್ಲೆ ಕೊಟ್ಯಂತೆ. ನಂಗಿಲ್ವಾ?"

ನಾನು ಹೂವಮ್ಮನ ಮುಖ ನೋಡಿದೆ.

"ಕೊಡಿ" ಎಂದಳು ಅವಳು. "ಎಲ್ರಿಗಿಂತ ಹೆಚ್ಚು ನೋವು ಉಂಡೋಳು ಅವ್ಳು."

ಚೀಲದಿಂದ ತೆಗೆದುಕೊಟ್ಟೆ. ಹಳದಿ ಬಟ್ಟೆ, ಸುತ್ತ ಜರಿ, ನಡುವೆ ಬಿಳಿ ಮಣಿಗಳ ಒಂದು ಚುಕ್ಕಿ. ಭಾಗಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಎದ್ದು ಹೋಗಿ ಅಕ್ಕನ ಮುಂದೆ ಹಿಡಿದಳು.

"ಅಕ್ಕಾ, ಹಾಕು."

ನಾಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಭಾಗಿ ಹಾಗೇ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ನಾಗಿ ತೆಗೆದುಕೊಂಡಳು. ಪಿನ್ನು ಬಿಚ್ಚುವಾಗ ಬಿಲ್ಲೆ ಕೈಜಾರಿ ಮಣ್ಣಿಗೆ ಬಿತ್ತು. ನಾನು ಹಾಕಿಕೊಡೋಣವೆಂದು ಬಗ್ಗಿದೆ. ಹೂವಮ್ಮ ನನ್ನ ಮುಂಗೈ ಹಿಡಿದುಕೊಂಡಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಬಿಡಿ. ಅವ್ಳೇ ಹಾಕ್ಲಿ."

ನಾಗಿ ಮಣ್ಣು ಒರೆಸಿ, ಮಂಡಿಯೂರಿ ಕೂತು, ತಂಗಿಯ ಕುಪ್ಪಸಕ್ಕೆ ಪಿನ್ನು ಚುಚ್ಚಿದಳು. ಸೊಟ್ಟಗಾಯಿತು. ತೆಗೆದು ಮತ್ತೆ ಚುಚ್ಚಿದಳು. ನೆಟ್ಟಗಿದೆಯೋ ಎಂದು ನೋಡಲು ಹಿಂದೆ ಸರಿದು ತಲೆ ಎತ್ತಿದಾಗ, ಎಷ್ಟೋ ದಿನಗಳಲ್ಲಿ ಮೊದಲ ಸಲ ತಂಗಿಯ ಮುಖವನ್ನು ಪೂರ್ತಿಯಾಗಿ ನೋಡಿದಳು.

"ಚಂದ ಕಾಣ್ತದಾ?" ಎಂದು ಭಾಗಿ ಕೇಳಿದಳು.

ನಾಗಿ ಹೂಂ ಎಂದಳು. ಹೂವಮ್ಮ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.